ರಕ್ತವನ್ನು ತಡೆದು ಮೆದುಳಿಗೆ ದಾರಿ ಮಾಡಿದ ವೈದ್ಯ: ಡಾ. ಹಾರ್ವಿ ಕುಶಿಂಗ್



ಪ್ರಥಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ನರವ್ಯೂಹದ ಪಾಠ ಓದುವಾಗ ಮೆದುಳುಕಾಂಡದ ಬಗ್ಗೆ ನಾಲ್ಕೈದು ಸಾಲು ಬರುತ್ತವೆ. ಮಧ್ಯಮೆದುಳು, ಪಾನ್ಸ್, ಮೆಡುಲ್ಲಾ ಈ ಮೂರೂ ಸೇರಿ ಮೆದುಳುಕಾಂಡ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಎಂದು ನಾವು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಆದರೆ ಹೆಬ್ಬೆರಳಿನ ಗಾತ್ರದ ಆ ಭಾಗದಲ್ಲಿ ಸೃಷ್ಟಿಕರ್ತ ಎಷ್ಟೊಂದು ಕೆಲಸ ಇಟ್ಟಿದ್ದಾನೆ ನೋಡಿ. ನಾವು ಮಲಗಿದಾಗಲೂ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಅದು. ಹೃದಯದ ಬಡಿತ, ರಕ್ತದ ಒತ್ತಡ, ನುಂಗುವುದು, ಕೆಮ್ಮುವುದು, ಕಣ್ಣು ಹೊರಳಿಸುವುದು ಎಲ್ಲದರ ಹಗ್ಗವೂ ಅದರ ಕೈಯಲ್ಲಿದೆ. ಮೆದುಳಿನಿಂದ ಕೈಕಾಲಿಗೆ ಹೋಗುವ ಪ್ರತಿ ಆಜ್ಞೆಯೂ ಅದೇ ಕಿರಿದಾದ ದಾರಿಯಲ್ಲಿ ಇಳಿಯಬೇಕು.

ಇಂಥ ಜಾಗದಲ್ಲಿ ಒಂದು ಗಡ್ಡೆ ಬೆಳೆದರೆ? ಅದೂ ಬರೀ ರಕ್ತನಾಳಗಳಿಂದಲೇ ಹೆಣೆದ, ಮುಟ್ಟಿದರೆ ರಕ್ತ ಚಿಮ್ಮುವ ಗಡ್ಡೆಯಾದರೆ? ಅದರ ಹೆಸರು ಹಿಮಾಂಜಿಯೋಬ್ಲಾಸ್ಟೋಮಾ. ತಲೆಬುರುಡೆಯೊಳಗೆ ಹುಟ್ಟುವ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು ಎರಡು ಮಾತ್ರ ಈ ಜಾತಿಯವು. ಅವುಗಳಲ್ಲಿಯೂ ಮೆದುಳುಕಾಂಡದಲ್ಲಿ ಬರುವವು ಇನ್ನೂ ವಿರಳ. ಆದರೆ ಬಂದ ಮನೆಗೆ ಅದು ವಿರಳವಲ್ಲ. ಇಂದು ಇಂಥ ಗಡ್ಡೆಯನ್ನು ಹೊರತೆಗೆದು ರೋಗಿಯನ್ನು ಮನೆಗೆ ಕಳಿಸುವುದು ಸಾಧ್ಯವಾಗಿದೆ. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲ ಹೆಸರು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಅವರದು. ಈ ಗಡ್ಡೆಗೆ ಇಂದಿನ ಹೆಸರನ್ನು ನೆಲೆಗೊಳಿಸಿದವರೂ ಅವರೇ. ಅವರ ಬದುಕು ಒಂದು ತಪ್ಪಿನಿಂದ ತಿರುವು ಪಡೆಯಿತು. ಆ ಕಾರಣಕ್ಕೇ ಅದನ್ನು ವಿದ್ಯಾರ್ಥಿಗಳಾದ ನಾವು ತಿಳಿದುಕೊಳ್ಳಬೇಕು.

ಬಾಲ್ಯ ಮತ್ತು ಓದು

ಹಾರ್ವಿ ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ. ಆಗ ನಮ್ಮ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಹಾರ್ವಿ ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆ ವೈದ್ಯರು, ಅಜ್ಜ ವೈದ್ಯರು, ಮುತ್ತಜ್ಜನೂ ವೈದ್ಯರು. ಹೀಗಾಗಿ ಹುಡುಗ ಏನಾಗಬೇಕು ಎಂಬುದನ್ನು ಮನೆಯವರು ಹೆಚ್ಚು ಯೋಚಿಸಬೇಕಾಗಿರಲಿಲ್ಲ.

ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಬೇಸ್‌ಬಾಲ್ ಆಟಗಾರ. ತಂದೆ ಬಿಗಿ ಸ್ವಭಾವದವರು. ಮಗ ಆಟದಲ್ಲಿ ಕಾಲ ಕಳೆಯುವುದು ಅವರಿಗೆ ಇಷ್ಟವಿರಲಿಲ್ಲ. 1891ರಲ್ಲಿ ಪದವಿ ಮುಗಿಸಿ ಹಾರ್ವಿ ಬೋಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆ ಸೇರಿದರು. ಚಿತ್ರ ಬರೆಯುವ ಕೈ ಅವರಿಗೆ ಚಿಕ್ಕಂದಿನಿಂದಲೂ ಇತ್ತು. ಅಂಗರಚನೆಯ ತರಗತಿಯಲ್ಲಿ ನೋಡಿದ್ದನ್ನೆಲ್ಲ ಬರೆದಿಡುವ ರೂಢಿ ಅಲ್ಲಿ ಬೆಳೆಯಿತು. ಮುಂದೆ ಜೀವನದುದ್ದಕ್ಕೂ, ಶಸ್ತ್ರಚಿಕಿತ್ಸೆ ಮುಗಿಸಿದ ಮೇಲೆ ತಾವು ಕಂಡದ್ದನ್ನು ತಮ್ಮ ಕೈಯಿಂದಲೇ ಚಿತ್ರಿಸಿ ರೋಗಿಯ ದಾಖಲೆಗೆ ಸೇರಿಸುತ್ತಿದ್ದರು.

ಒಂದು ಸಾವು, ಒಂದು ಕಾಗದ

1893ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಒಂದು ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಈಥರ್ ಕೊಟ್ಟು ಎಚ್ಚರ ತಪ್ಪಿಸುವ ಕೆಲಸ ಕುಶಿಂಗ್ ಪಾಲಿಗೆ ಬಂತು. ಆಗ ಅರಿವಳಿಕೆಗೆ ಬೇರೆ ತಜ್ಞರು ಇರಲಿಲ್ಲ. ವಿದ್ಯಾರ್ಥಿಗಳ ಕೈಗೆ ಈಥರ್ ಕೊಟ್ಟು, ಮಾಡಿಕೋ ಎಂದು ಬಿಟ್ಟುಬಿಡುತ್ತಿದ್ದರು. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳಿಕೊಡುವವರು ಇರಲಿಲ್ಲ. ಅಂದು ರೋಗಿ ಮೇಜಿನ ಮೇಲೆಯೇ ತೀರಿಕೊಂಡ.

ಶಸ್ತ್ರಚಿಕಿತ್ಸಕರು ಅದನ್ನು ದೊಡ್ಡದು ಮಾಡಲಿಲ್ಲ. ಆ ಕಾಲದಲ್ಲಿ ಅದು ಅಪರೂಪದ ಘಟನೆಯೂ ಆಗಿರಲಿಲ್ಲ. ಆದರೆ ಇಪ್ಪತ್ತಮೂರು ವರ್ಷದ ಆ ಹುಡುಗನಿಗೆ ಅದನ್ನು ಅರಗಿಸಿಕೊಳ್ಳಲಾಗಲಿಲ್ಲ. ವೈದ್ಯಕೀಯವನ್ನೇ ಬಿಟ್ಟುಬಿಡಬೇಕು ಎನ್ನುವವರೆಗೂ ಮನಸ್ಸು ಹೋಯಿತು. ನಮ್ಮಲ್ಲಿಯೂ ಒಂದು ಪರೀಕ್ಷೆ ಕೆಟ್ಟರೆ, ಒಂದು ಸೀಟು ತಪ್ಪಿದರೆ ಎಲ್ಲ ಮುಗಿಯಿತು ಎಂದು ಕೂರುವವರಿದ್ದಾರೆ. ಕುಶಿಂಗ್ ಅವರ ಎದುರಿಗಿದ್ದದ್ದು ಅಂಕಪಟ್ಟಿಯಲ್ಲ, ಒಬ್ಬ ಮನುಷ್ಯನ ಹೆಣ.

ಅವರು ಓದು ಬಿಡಲಿಲ್ಲ, ತಪ್ಪನ್ನು ಮರೆಯಲೂ ಇಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಅವರೊಂದಿಗೆ ಕೂಡಿ ಇಬ್ಬರಲ್ಲಿ ಯಾರು ಹೆಚ್ಚು ಚೆನ್ನಾಗಿ ಅರಿವಳಿಕೆ ಕೊಡುತ್ತಾರೆ ಎಂಬ ಪಂದ್ಯ ಕಟ್ಟಿಕೊಂಡರು. ಸೋತವರು ಊಟ ಹಾಕಿಸಬೇಕು. ಇಬ್ಬರೂ ಚಿಕಿತ್ಸೆಯ ಉದ್ದಕ್ಕೂ ರೋಗಿಯ ನಾಡಿ ಎಷ್ಟು, ಉಸಿರು ಎಷ್ಟು ಎಂದು ಕೆಲವೇ ನಿಮಿಷಗಳಿಗೊಮ್ಮೆ ಎಣಿಸಿ ಒಂದು ಕಾಗದದ ಮೇಲೆ ಗುರುತು ಹಾಕತೊಡಗಿದರು. ಅದು ಆಧುನಿಕ ಅರಿವಳಿಕೆ ದಾಖಲೆಯ ಆರಂಭಗಳಲ್ಲಿ ಒಂದು. ಇವತ್ತು ಯಾವುದೇ ಊರಿನ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿಯೂ ರೋಗಿಯ ತಲೆಯ ಬಳಿ ಅಂಥ ಒಂದು ದಾಖಲೆ ತುಂಬುತ್ತಲೇ ಇರುತ್ತದೆ. ಅದರ ಹಿಂದೆ ಒಬ್ಬ ವಿದ್ಯಾರ್ಥಿಯ ಪಶ್ಚಾತ್ತಾಪವೂ ಇದೆ.

ಗುರುಗಳ ಬಳಿ

1895ರಲ್ಲಿ ಎಂಡಿ ಪದವಿ ಪಡೆದ ಕುಶಿಂಗ್ ಒಂದು ವರ್ಷ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದುಡಿದರು. 1896ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ, ಹೊಸದಾಗಿ ಕಂಡುಹಿಡಿದಿದ್ದ ಎಕ್ಸ್‌ರೇ ಕೊಳವೆಯನ್ನೂ ಜೊತೆಗೆ ಒಯ್ದರು. ಅಲ್ಲಿ ಅವರಿಗೆ ಸಿಕ್ಕ ಗುರು ವಿಲಿಯಂ ಹಾಲ್‌ಸ್ಟೆಡ್.

ಹಾಲ್‌ಸ್ಟೆಡ್ ನಿಧಾನದ ಶಸ್ತ್ರವೈದ್ಯ. ಅರಿವಳಿಕೆ ಇಲ್ಲದ ಕಾಲದಿಂದ ಬಂದ ರೂಢಿಯಂತೆ ಬೇರೆಯವರು ಬೇಗ ಬೇಗ ಕೊಯ್ದು ಮುಗಿಸುತ್ತಿದ್ದರೆ, ಇವರು ಒಂದೊಂದು ರಕ್ತನಾಳವನ್ನೂ ಹಿಡಿದು, ದಪ್ಪ ಎಳೆಯ ಬದಲು ಸಣ್ಣ ರೇಷ್ಮೆ ಎಳೆಯಿಂದ ಕಟ್ಟಿ ಮುಂದೆ ಹೋಗುತ್ತಿದ್ದರು. ಎಳೆ ಎಷ್ಟು ನಯವಾಗಿರಬೇಕು, ಗಂಟು ಎಷ್ಟು ಬಿಗಿಯಾಗಿರಬೇಕು ಎಂಬುದು ರಬಕವಿ-ಬನಹಟ್ಟಿಯ ನೇಕಾರರಿಗೆ ಗೊತ್ತು. ಎಳೆ ಕಡಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕದೆ ಅವಸರ ಮಾಡಿದರೆ ಸೀರೆಯೇ ಕೆಡುತ್ತದೆ. ದೇಹದ ವಿಷಯದಲ್ಲಿ ಹಾಲ್‌ಸ್ಟೆಡ್ ಕಲಿಸಿದ್ದೂ ಅದೇ. ರಕ್ತ ಹರಿಯುತ್ತಿರುವಾಗ ಅವಸರ ಮಾಡಬೇಡ, ಮೊದಲು ರಕ್ತ ನಿಲ್ಲಿಸು. ಕುಶಿಂಗ್ ಈ ಪಾಠವನ್ನು ಮೆದುಳಿಗೆ ಒಯ್ದರು.

1900ರಲ್ಲಿ ಅವರು ಯುರೋಪಿಗೆ ಹೋದರು. ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದಲ್ಲಿ ಥಿಯೋಡರ್ ಕೋಖರ್ ಅವರ ಬಳಿ ಒಂದು ಪ್ರಶ್ನೆ ಕೈಗೆತ್ತಿಕೊಂಡರು. ತಲೆಬುರುಡೆಯೊಳಗೆ ಒತ್ತಡ ಏರಿದರೆ ಏನಾಗುತ್ತದೆ? ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಕಂಡದ್ದು ಇದು: ಒಳಗಿನ ಒತ್ತಡ ಏರುತ್ತಿದ್ದಂತೆ ಮೆದುಳಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಆಗ ಮೆಡುಲ್ಲಾ ಎಚ್ಚರಗೊಂಡು ಇಡೀ ದೇಹದ ರಕ್ತದೊತ್ತಡವನ್ನು ಏರಿಸಿ ಮೆದುಳಿಗೆ ರಕ್ತ ತಳ್ಳಲು ನೋಡುತ್ತದೆ. ನಾಡಿ ನಿಧಾನವಾಗುತ್ತದೆ, ಉಸಿರು ಏರುಪೇರಾಗುತ್ತದೆ. ಮೆದುಳುಕಾಂಡ ತನ್ನನ್ನು ಉಳಿಸಿಕೊಳ್ಳಲು ಮಾಡುವ ಕೊನೆಯ ಹೋರಾಟ ಅದು. ಇಂದಿಗೂ ವೈದ್ಯರು ಅದನ್ನು ಕುಶಿಂಗ್ ಪ್ರತಿಕ್ರಿಯೆ ಎಂದೇ ಕರೆಯುತ್ತಾರೆ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರ ನಾಡಿ ನಿಧಾನವಾಗಿ ಬಿಪಿ ಏರಿದರೆ, ತಡಮಾಡುವ ಹಾಗಿಲ್ಲ ಎಂದು ಅರ್ಥ.

ಅದೇ ಪ್ರವಾಸದಲ್ಲಿ, 1901ರಲ್ಲಿ, ಇಟಲಿಯ ಪಾವಿಯಾದಲ್ಲಿ ರಿವಾ-ರೊಚ್ಚಿ ಎಂಬ ವೈದ್ಯರು ಮಾಡಿದ್ದ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಸಾಧನವನ್ನು ಕಂಡರು. ಅದನ್ನು ಅಮೆರಿಕಕ್ಕೆ ತಂದು ಬಳಕೆಗೆ ಹಚ್ಚಿದರು. ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ ಕಾಗದದಲ್ಲಿ ನಾಡಿ, ಉಸಿರಿನ ಜೊತೆಗೆ ಈಗ ರಕ್ತದೊತ್ತಡದ ಸಾಲೂ ಸೇರಿತು.

ಮೆದುಳಿನ ಬಾಗಿಲು

ಕುಶಿಂಗ್ ಈ ಕ್ಷೇತ್ರಕ್ಕೆ ಬಂದಾಗ ಮೆದುಳಿನ ಶಸ್ತ್ರಚಿಕಿತ್ಸೆ ಎಂದರೆ ಸಾವಿನ ಇನ್ನೊಂದು ಹೆಸರು. ಗಡ್ಡೆ ಎಲ್ಲಿದೆ ಎಂದು ತೋರಿಸುವ ಸ್ಕ್ಯಾನ್ ಇರಲಿಲ್ಲ. ರೋಗಿ ಹೇಗೆ ನಡೆಯುತ್ತಾನೆ, ಯಾವ ಕಣ್ಣು ಮಂಜಾಗಿದೆ, ಯಾವ ಕೈಗೆ ಬಲವಿಲ್ಲ ಎಂದು ನೋಡಿಯೇ ಜಾಗ ಗುರುತಿಸಬೇಕು. ತಲೆಯ ಚರ್ಮ, ಎಲುಬು, ಮೆದುಳಿನ ಹೊದಿಕೆ ಎಲ್ಲವೂ ರಕ್ತ ತುಂಬಿದ ಭಾಗಗಳು. ಅದರ ಮೇಲೆ, ಮೆದುಳಿನ ರಕ್ತನಾಳವನ್ನು ಹೊಟ್ಟೆಯ ರಕ್ತನಾಳದಂತೆ ಇಕ್ಕುಳದಿಂದ ಹಿಡಿದು ದಾರದಿಂದ ಕಟ್ಟಲು ಬರುವುದಿಲ್ಲ. ಅದು ಅಷ್ಟು ಮೃದು, ಅಷ್ಟು ಆಳ.

ಸಾವಿರ ವರ್ಷದ ಹಿಂದೆ ಸ್ಪೇನಿನ ಕಾರ್ಡೋಬಾ ಬಳಿ ಬದುಕಿದ್ದ ಅಲ್-ಝಹ್ರಾವಿಯವರ ಅಲ್-ತಸ್ರೀಫ್ ಎಂಬ 30 ಭಾಗಗಳ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ರಕ್ತ ನಿಲ್ಲಿಸಲು ಕಾಯಿಸಿದ ಕಬ್ಬಿಣದಿಂದ ಸುಡುವುದು, ನಾಳವನ್ನು ಎಳೆಯಿಂದ ಕಟ್ಟುವುದು ಎರಡನ್ನೂ ಅವರು ವಿವರಿಸಿದ್ದಾರೆ. ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ. ಕಟ್ಟುವುದು ಮತ್ತು ಸುಡುವುದು ಎಂಬ ಆ ಎರಡು ಹಳೆಯ ದಾರಿಗಳನ್ನೇ ಮೆದುಳಿಗೆ ಹೊಂದುವಂತೆ ಹೊಸದಾಗಿ ಮಾಡಬೇಕಾಗಿತ್ತು. ಆ ಎರಡೂ ಕೆಲಸಗಳಲ್ಲಿ ಕುಶಿಂಗ್ ಅವರ ಕೈ ಇದೆ.

ಮೊದಲನೆಯದು 1911ರಲ್ಲಿ. ಬೆಳ್ಳಿಯ ತಂತಿಯ ಸಣ್ಣ ತುಣುಕನ್ನು ಬಾಗಿಸಿ, ಇಕ್ಕುಳದಿಂದ ರಕ್ತನಾಳದ ಮೇಲೆ ಇಟ್ಟು ಒತ್ತಿಬಿಡುವ ಕ್ಲಿಪ್ಪನ್ನು ಅವರು ರೂಪಿಸಿದರು. ದಾರದ ಗಂಟು ತಲುಪದ ಆಳದಲ್ಲಿಯೂ ಈಗ ರಕ್ತನಾಳವನ್ನು ಮುಚ್ಚಬಹುದಾಯಿತು. ಅಷ್ಟರಲ್ಲಿ, 1910ರಲ್ಲಿ, ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಲಿಯೊನಾರ್ಡ್ ವುಡ್ ಅವರ ತಲೆಯಿಂದ ಗಡ್ಡೆ ತೆಗೆದು ಕುಶಿಂಗ್ ಹೆಸರು ಮಾಡಿದ್ದರು. 1913ರಲ್ಲಿ ಬೋಸ್ಟನ್ನಿನಲ್ಲಿ ಹೊಸದಾಗಿ ತೆರೆದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಮುಖ್ಯಸ್ಥರಾದರು. ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರೂ ಆಗಿದ್ದರು.

ಮೊದಲ ಮಹಾಯುದ್ಧ ಬಂದಾಗ ಫ್ರಾನ್ಸ್ ಮತ್ತು ಫ್ಲಾಂಡರ್ಸ್ ರಣರಂಗಗಳ ಆಸ್ಪತ್ರೆಗಳಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರಿಗೆ ಹಗಲು ರಾತ್ರಿ ಚಿಕಿತ್ಸೆ ಮಾಡಿದರು. 1917ರಲ್ಲಿ ಅವರ ಆತ್ಮೀಯ ಹಿರಿಯ ಡಾ. ವಿಲಿಯಂ ಓಸ್ಲರ್ ಅವರ ಒಬ್ಬನೇ ಮಗ ರಿವೀರ್ ಗಾಯಗೊಂಡು ತೀರಿಕೊಂಡಾಗ ಕುಶಿಂಗ್ ಹತ್ತಿರವೇ ಇದ್ದರು. ಏನೂ ಮಾಡಲಾಗಲಿಲ್ಲ. ಮರುವರ್ಷ ಅವರಿಗೇ ನರಗಳ ರೋಗ ಬಂದು ಕಾಲುಗಳ ಬಲ ಕುಂದಿತು. ಮುಂದೆ ನಡೆಯುವುದೇ ಅವರಿಗೆ ಕಷ್ಟವಾಯಿತು. ಆದರೂ ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಬಿಡಲಿಲ್ಲ.

1926: ದುಃಖದ ವರ್ಷ, ಹೊಸ ಸಾಧನದ ವರ್ಷ

ಕುಶಿಂಗ್ ಅವರ ಬದುಕಿನಲ್ಲಿ 1926 ಮರೆಯಲಾಗದ ವರ್ಷ. ಓಸ್ಲರ್ ಅವರ ಜೀವನಚರಿತ್ರೆ ಬರೆದದ್ದಕ್ಕೆ ಆ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಜೂನ್ ತಿಂಗಳಲ್ಲಿ ಹಿರಿಯ ಮಗ ವಿಲಿಯಂ ಕಾರು ಅಪಘಾತದಲ್ಲಿ ತೀರಿಕೊಂಡ. ಬೆಳಿಗ್ಗೆ ಸುದ್ದಿ ಬಂದಾಗ ಅವರಿಗಾಗಿ ಆಸ್ಪತ್ರೆಯಲ್ಲಿ ಒಬ್ಬ ರೋಗಿ ಕಾದಿದ್ದ. ಹೆಂಡತಿಗೆ ಸುದ್ದಿ ಮುಟ್ಟಿಸಿ, ಕುಶಿಂಗ್ ಹೋಗಿ ಆ ಶಸ್ತ್ರಚಿಕಿತ್ಸೆ ಮುಗಿಸಿದರು. ಕೆಲವರು ಇದನ್ನು ಕರ್ತವ್ಯನಿಷ್ಠೆ ಎನ್ನುತ್ತಾರೆ. ಕೆಲವರಿಗೆ ಇದು ಕಲ್ಲೆದೆಯ ಮಾತಾಗಿ ಕಾಣುತ್ತದೆ. ಮನೆಗೆ, ಮಕ್ಕಳಿಗೆ ಅವರು ಕೊಟ್ಟ ಸಮಯ ಬಹಳ ಕಡಿಮೆ ಎಂಬುದೂ ನಿಜ. ಆ ರೋಗಿಯ ಮನೆಯವರ ಕಡೆಯಿಂದ ನೋಡಿದರೆ ಮಾತ್ರ ಅಂದು ವೈದ್ಯರು ಬಂದದ್ದೇ ದೊಡ್ಡದು.

ಅದೇ ವರ್ಷದ ಅಕ್ಟೋಬರ್ 1ರಂದು ಎರಡನೆಯ ದಾರಿ ತೆರೆಯಿತು. ವಿಲಿಯಂ ಬೋವಿ ಎಂಬ ವಿಜ್ಞಾನಿ, ಹೆಚ್ಚಿನ ಆವರ್ತನದ ವಿದ್ಯುತ್ತಿನಿಂದ ಅಂಗಾಂಶವನ್ನು ಕೊಯ್ಯುವ ಮತ್ತು ರಕ್ತವನ್ನು ಹೆಪ್ಪುಗಟ್ಟಿಸುವ ಯಂತ್ರ ಮಾಡಿದ್ದರು. ಕೆಲವೇ ದಿನಗಳ ಹಿಂದೆ ರಕ್ತ ನಿಲ್ಲದೆ ಅರ್ಧಕ್ಕೇ ಬಿಡಬೇಕಾಗಿ ಬಂದಿದ್ದ ಒಂದು ಗಡ್ಡೆಯನ್ನು ಆ ಯಂತ್ರದ ಸಹಾಯದಿಂದ ಕುಶಿಂಗ್ ತೆಗೆದರು. ಅಲ್-ಝಹ್ರಾವಿಯವರ ಕಾಯಿಸಿದ ಕಬ್ಬಿಣದ ಜಾಗಕ್ಕೆ ವಿದ್ಯುತ್ ಬಂತು. ಹಿಂದೆ ಕೈಬಿಟ್ಟಿದ್ದ ರೋಗಿಗಳನ್ನು ಅವರು ಮತ್ತೆ ಕರೆಸಿಕೊಂಡರು. ಮುಟ್ಟಲಾಗದು ಎಂದುಕೊಂಡಿದ್ದ ರಕ್ತಭರಿತ ಗಡ್ಡೆಗಳನ್ನು ಈಗ ಮುಟ್ಟಬಹುದಾಗಿತ್ತು.

ರಕ್ತನಾಳದ ಗಡ್ಡೆಗೆ ಒಂದು ಹೆಸರು

ಅದೇ 1926ರಲ್ಲಿ ಸ್ವೀಡನ್ನಿನ ಆರ್ವಿಡ್ ಲಿಂಡೌ ಎಂಬ ತರುಣ ವೈದ್ಯರು ಕಿರುಮೆದುಳಿನಲ್ಲಿ ನೀರುಗುಳ್ಳೆಯಂತೆ ಬೆಳೆಯುವ ಗಡ್ಡೆಗಳ ಮೇಲೆ ಮಹಾಪ್ರಬಂಧ ಬರೆದರು. ಜರ್ಮನಿಯ ಕಣ್ಣಿನ ವೈದ್ಯ ಯೂಜೆನ್ ಫಾನ್ ಹಿಪ್ಪೆಲ್ ಅವರು ಅದಕ್ಕೂ ಮೊದಲೇ ಕಣ್ಣಿನ ರೆಟಿನಾದಲ್ಲಿ ಇಂಥದ್ದೇ ರಕ್ತನಾಳಗಳ ಗಂಟನ್ನು ಕಂಡಿದ್ದರು. ಕಣ್ಣಿನ ರೋಗ, ಮೆದುಳಿನ ರೋಗ ಎರಡೂ ಒಂದೇ ಮನೆತನಗಳಲ್ಲಿ ಹರಿದು ಬರುವ ಒಂದೇ ರೋಗ ಎಂದು ಲಿಂಡೌ ತೋರಿಸಿದರು. ಅದಕ್ಕೆ ಇಂದು ಫಾನ್ ಹಿಪ್ಪೆಲ್-ಲಿಂಡೌ ರೋಗ ಎಂಬ ಹೆಸರು.

1928ರಲ್ಲಿ ಕುಶಿಂಗ್ ಮತ್ತು ಅವರ ಶಿಷ್ಯ ಪರ್ಸಿವಲ್ ಬೇಯ್ಲಿ ಮೆದುಳಿನ ರಕ್ತನಾಳಗಳಿಂದ ಹುಟ್ಟುವ ಗಡ್ಡೆಗಳ ಬಗ್ಗೆ ಒಂದು ಪುಸ್ತಕ ಹೊರತಂದರು. ಅದುವರೆಗೆ ರಕ್ತನಾಳ ತುಂಬಿದ್ದೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಇವರು ಎರಡನ್ನು ಬೇರೆ ಮಾಡಿದರು. ಹುಟ್ಟಿನಿಂದಲೇ ರಕ್ತನಾಳಗಳು ತಪ್ಪಾಗಿ ಹೆಣೆದುಕೊಂಡಿರುವುದು ಒಂದು. ಹೊಸ ಜೀವಕೋಶಗಳು ಬೆಳೆದು ನಿಜವಾದ ಗಡ್ಡೆಯಾಗುವುದು ಇನ್ನೊಂದು. ಈ ಎರಡನೆಯದನ್ನು ಹಿಮಾಂಜಿಯೋಬ್ಲಾಸ್ಟೋಮಾ ಎಂದು ಗುರುತಿಸಿದರು. ಹೆಸರು ಇಟ್ಟರೆ ಏನು ಬಂತು ಎನ್ನಬೇಡಿ. ಮೊದಲನೆಯದು ಎದುರಾದರೆ ಆ ಕಾಲದಲ್ಲಿ ಕೈ ಹಾಕದಿರುವುದೇ ಲೇಸು. ಎರಡನೆಯದು ಪೂರ್ತಿ ತೆಗೆದರೆ ರೋಗಿ ಪೂರ್ತಿ ಗುಣವಾಗಬಹುದು. ಹೆಸರು ಸರಿಯಿದ್ದರೆ ಮಾತ್ರ ನಿರ್ಧಾರ ಸರಿಯಾಗುತ್ತದೆ.

ಹಲವು ಬಾರಿ ಈ ಗಡ್ಡೆ ಒಂದು ದೊಡ್ಡ ನೀರುಗುಳ್ಳೆಯ ಗೋಡೆಯಲ್ಲಿ ಬಟಾಣಿಯಂಥ ಗಂಟಾಗಿ ಅಡಗಿರುತ್ತದೆ. ನೀರನ್ನಷ್ಟೇ ಹೀರಿ ತೆಗೆದರೆ ರೋಗಿಗೆ ತಕ್ಷಣ ಆರಾಮ, ಆದರೆ ನೀರು ಮತ್ತೆ ತುಂಬುತ್ತದೆ. ಗಂಟನ್ನು ಹುಡುಕಿ ತೆಗೆಯಲೇಬೇಕು. ಕಿರುಮೆದುಳಿನಲ್ಲಿ ಇದು ಕುಶಿಂಗ್ ಕಾಲದಲ್ಲಿಯೇ ಸಾಧ್ಯವಾಯಿತು. ಮೆದುಳುಕಾಂಡದಲ್ಲಿ ಬೆಳೆದ ಗಟ್ಟಿ ಗಡ್ಡೆಗಳು ಮಾತ್ರ ಆಗಿನ ಕಣ್ಣಿಗೂ ಕೈಗೂ ನಿಲುಕದಷ್ಟು ಅಪಾಯದವಾಗಿಯೇ ಉಳಿದವು.

ಗುಣ, ದೋಷ, ಲೆಕ್ಕ

1931ರ ಏಪ್ರಿಲ್ 15ರಂದು ಕುಶಿಂಗ್ ತಮ್ಮ 2000ನೆಯ, ಪರೀಕ್ಷೆಯಿಂದ ಖಚಿತಪಟ್ಟ ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ ಮಾಡಿದರು. ಕೊನೆಯ ವರ್ಷಗಳಲ್ಲಿ ಅವರ ಕೈಯಲ್ಲಿ ಸಾವಿನ ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿದಿತ್ತು. ಈ ಲೆಕ್ಕವನ್ನು ನಂಬುವಂತೆ ಇಟ್ಟವರು ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಅವರು ಮೊದಲು ಕುಶಿಂಗ್ ಅವರ ಕಚೇರಿಯಲ್ಲಿ ಕಾರ್ಯದರ್ಶಿ. ಬಳಿಕ ವೈದ್ಯಕೀಯ ಓದಿ, ಮೆದುಳಿನ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ತಜ್ಞೆಯಾದರು. ಪ್ರತಿ ರೋಗಿಯ ಫಲಿತಾಂಶವನ್ನೂ, ಗೆದ್ದದ್ದನ್ನೂ ಸೋತದ್ದನ್ನೂ, ಅವರು ಬರೆದಿಟ್ಟರು. 1938ರಲ್ಲಿ ಹಾರ್ವಿ ಕುಶಿಂಗ್ ಸೊಸೈಟಿಯ ಅಧ್ಯಕ್ಷೆಯಾದರು. ಪುರುಷರೇ ತುಂಬಿದ್ದ ಕ್ಷೇತ್ರದಲ್ಲಿ ಅದು ಸಣ್ಣ ಮಾತಲ್ಲ. ನಮ್ಮ ವಿದ್ಯಾರ್ಥಿನಿಯರು ಕುಶಿಂಗ್ ಹೆಸರಿನ ಜೊತೆಗೆ ಈ ಹೆಸರನ್ನೂ ನೆನಪಿಡಬೇಕು.

ಕುಶಿಂಗ್ ದೇವದೂತರೇನೂ ಆಗಿರಲಿಲ್ಲ. ಸಹಾಯಕರ ಮೇಲೆ ಸಿಟ್ಟು ಮಾಡುತ್ತಿದ್ದರು. ಶಿಷ್ಯರಾಗಿದ್ದ ವಾಲ್ಟರ್ ಡ್ಯಾಂಡಿ ಸ್ವಂತ ದಾರಿಯಲ್ಲಿ ದೊಡ್ಡವರಾದಾಗ ಇಬ್ಬರ ನಡುವೆ ಬೆಳೆದ ವೈಮನಸ್ಸು ಕೊನೆಯವರೆಗೂ ಹೋಗಲಿಲ್ಲ. ಗೆಲುವಿನ ಜೊತೆ ಸೋಲೂ ಇತ್ತು. 1910ರಲ್ಲಿ ಉಳಿಸಿದ್ದ ಜನರಲ್ ವುಡ್ ಅವರಿಗೆ ಗಡ್ಡೆ ಮತ್ತೆ ಬೆಳೆದು, 1927ರಲ್ಲಿ ಕುಶಿಂಗ್ ಅವರೇ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಕುಶಿಂಗ್ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ಸೂಚಿಸಿದರೂ ಅದು ಬರಲಿಲ್ಲ.

1932ರಲ್ಲಿ ಬೋಸ್ಟನ್ನಿನಿಂದ ನಿವೃತ್ತರಾಗಿ, ಮರುವರ್ಷ ತಾವು ಓದಿದ ಯೇಲ್‌ಗೆ ಮರಳಿದರು. ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಯಿಂದ ಬರುವ, ಇಂದು ಅವರದೇ ಹೆಸರು ಹೊತ್ತ ರೋಗವನ್ನು ವಿವರಿಸಿದ್ದೂ ಆ 1932ರಲ್ಲಿಯೇ. ಹಳೆಯ ವೈದ್ಯಕೀಯ ಗ್ರಂಥಗಳನ್ನು ಕೂಡಿಸುವುದು ಅವರ ದೊಡ್ಡ ಹವ್ಯಾಸ. ಅವರ ಸಂಗ್ರಹದಲ್ಲಿ ಲ್ಯಾಟಿನ್ ಪುಸ್ತಕಗಳ ಜೊತೆಗೆ ಅರಬ್ಬಿ ವೈದ್ಯಕೀಯ ಹಸ್ತಪ್ರತಿಗಳೂ ಇವೆ. ಎಲ್ಲವನ್ನೂ ಯೇಲ್ ಗ್ರಂಥಾಲಯಕ್ಕೆ ಕೊಟ್ಟರು. 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮೆದುಳಿನೊಳಗೆ ಒಂದು ಸೆಂಟಿಮೀಟರ್‌ನಷ್ಟು ನೀರುಗುಳ್ಳೆ ಇದ್ದದ್ದು ಗೊತ್ತಾಯಿತು. ಜೀವಮಾನವೆಲ್ಲ ಇತರರ ಮೆದುಳಿನ ಗಂಟು ಹುಡುಕಿದವರು ತಮ್ಮಲ್ಲಿದ್ದದ್ದನ್ನು ಅರಿಯದೆ ಹೋದರು.

ಕುಶಿಂಗ್ ನಂತರ, ನಮ್ಮ ನಾಡಿನವರೆಗೆ

ಕುಶಿಂಗ್ ಅವರ ಆಸ್ಪತ್ರೆಯಲ್ಲಿ ತರಬೇತಿ ಪಡೆದ ವೈಲ್ಡರ್ ಪೆನ್‌ಫೀಲ್ಡ್ ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನ ಸಂಸ್ಥೆ ಕಟ್ಟಿದರು. ಪೆನ್‌ಫೀಲ್ಡ್ ಅವರ ಬಳಿ ಕಲಿತ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿಗೆ ಬಂದು ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಆರಂಭಿಸಿದರು. ನಮ್ಮ ರಾಜ್ಯದಲ್ಲಿ, 1954ರಲ್ಲಿ ಶುರುವಾಗಿದ್ದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಅವರು 1958ರಲ್ಲಿ ನರಶಸ್ತ್ರಚಿಕಿತ್ಸೆಗೆ ನೆಲೆ ಹಾಕಿದರು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ಬಾಗಲಕೋಟೆ ಜಿಲ್ಲೆಯಿಂದ ತಲೆಯ ಕಾಯಿಲೆ ಎಂದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರು ಆ ಹೆಸರನ್ನು ಚೆನ್ನಾಗಿ ಬಲ್ಲರು.

ಕುಶಿಂಗ್ ಅವರಿಗೆ ನಿಲುಕದ ಮೆದುಳುಕಾಂಡ ನಿಲುಕಿದ್ದು ಇನ್ನಷ್ಟು ಸಾಧನಗಳು ಬಂದ ಮೇಲೆ. 1971ರಲ್ಲಿ ಸಿಟಿ ಸ್ಕ್ಯಾನ್, ಆಮೇಲೆ ಎಂಆರ್‌ಐ ಬಂದು ಗಡ್ಡೆ ಎಲ್ಲಿದೆ ಎಂದು ಕಣ್ಣಾರೆ ತೋರಿಸಿದವು. ಟರ್ಕಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಗಾಝಿ ಯಾಶರ್‌ಗಿಲ್ ಅವರಂಥವರು 1960ರ ದಶಕದ ಕೊನೆಯಿಂದ ಸೂಕ್ಷ್ಮದರ್ಶಕದ ಕೆಳಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವುದನ್ನು ಜಗತ್ತಿಗೆ ಕಲಿಸಿದರು.

ಇಂದು ಮೆದುಳುಕಾಂಡದ ಹಿಮಾಂಜಿಯೋಬ್ಲಾಸ್ಟೋಮಾ ತೆಗೆಯುವ ಕ್ರಮ ಹೀಗಿದೆ. ಬೇರೆ ಹಲವು ಗಡ್ಡೆಗಳನ್ನು ಒಳಗಿನಿಂದ ತುಂಡುತುಂಡಾಗಿ ಕೊರೆದು ತೆಗೆಯುತ್ತಾರೆ. ಇದನ್ನು ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ. ಅದಕ್ಕೇ ಗಡ್ಡೆಯ ಒಳಕ್ಕೆ ಹೋಗದೆ, ಅದರ ಮತ್ತು ಒಳ್ಳೆಯ ಮೆದುಳಿನ ನಡುವಿನ ಸಣ್ಣ ಅಂಚಿನಲ್ಲಿ ಸುತ್ತುತ್ತಾರೆ. ಗಡ್ಡೆಗೆ ರಕ್ತ ತರುವ ಅಪಧಮನಿಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ರಕ್ತ ಹೊರಗೊಯ್ಯುವ ಅಭಿಧಮನಿಯನ್ನು ಕೊನೆಗೆ ಮುಚ್ಚುತ್ತಾರೆ. ಮೊದಲೇ ಮುಚ್ಚಿದರೆ ಒಳಬರುವ ರಕ್ತಕ್ಕೆ ಹೊರದಾರಿ ಇಲ್ಲದೆ ಗಡ್ಡೆ ಉಬ್ಬಿ ಒಡೆಯುತ್ತದೆ. ಹೊಲದ ಕಾಲುವೆ ಕಟ್ಟುವ ರೈತನಿಗೆ ಈ ಲೆಕ್ಕ ತಿಳಿಯುತ್ತದೆ: ಮೇಲಿನ ತೂಬು ಮೊದಲು, ಕೆಳಗಿನದು ಆಮೇಲೆ. ಕೊನೆಗೆ ಗಡ್ಡೆಯನ್ನು ಇಡಿಯಾಗಿ ಎತ್ತುತ್ತಾರೆ. ಆಮೇಲೂ ಕೆಲವು ರೋಗಿಗಳಿಗೆ ನುಂಗಲು, ಉಸಿರಾಡಲು ಕೆಲವು ದಿನ ಅಥವಾ ತಿಂಗಳು ಕಷ್ಟವಾಗುತ್ತದೆ. ಗಂಟಲಿಗೆ ನಳಿಕೆ ಹಾಕಿ ಕಾಯಬೇಕಾಗಬಹುದು. ಇದು ಇಂದಿಗೂ ಸುಲಭದ ಕೆಲಸವಲ್ಲ.

ದ್ವಿತೀಯ ಪಿಯುಸಿಯಲ್ಲಿ ಮೆಂಡೆಲ್ ನಿಯಮ ಓದಿದವರಿಗೆ ಇನ್ನೊಂದು ಮಾತು. ಫಾನ್ ಹಿಪ್ಪೆಲ್-ಲಿಂಡೌ ರೋಗದ ಜೀನ್ 3ನೆಯ ವರ್ಣತಂತುವಿನಲ್ಲಿದೆ. 1993ರಲ್ಲಿ ಅದನ್ನು ಗುರುತಿಸಿದರು. ಇದು ಪ್ರಬಲ ಗುಣವಾಗಿ ಹರಿಯುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಮನೆಯಲ್ಲಿ ಒಬ್ಬರಿಗೆ ಈ ರೋಗ ಇದೆಯೆಂದು ತಿಳಿದರೆ ಉಳಿದವರೂ ಕಣ್ಣು, ಮೆದುಳು, ಮೂತ್ರಪಿಂಡ ತೋರಿಸಿಕೊಳ್ಳಬೇಕು. ಈ ಜೀನಿನ ಕೆಲಸ ಅರಿಯುವ ದಾರಿಯಲ್ಲಿಯೇ ಜೀವಕೋಶ ಆಮ್ಲಜನಕವನ್ನು ಹೇಗೆ ಗ್ರಹಿಸುತ್ತದೆ ಎಂಬುದು ಬೆಳಕಿಗೆ ಬಂದು, 2019ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಈ ರೋಗದ ಗಡ್ಡೆಗಳನ್ನು ಕುಗ್ಗಿಸುವ ಮಾತ್ರೆಯೊಂದಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಲೆನೋವೆಲ್ಲ ಗಡ್ಡೆಯಲ್ಲ, ಹೆದರಬೇಕಾಗಿಲ್ಲ. ಆದರೆ ದಿನದಿನಕ್ಕೆ ಹೆಚ್ಚುವ ತಲೆನೋವು, ಬೆಳಗಿನ ವಾಂತಿ, ನಡೆಯುವಾಗ ತೂರಾಡುವುದು, ಒಂದು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು ಇವು ಮನೆಯಲ್ಲಿ ಯಾರಿಗಾದರೂ ಕಂಡರೆ ದೃಷ್ಟಿಯಾಗಿದೆ, ಅಶಕ್ತತೆ ಇದೆ ಎಂದು ತಿಂಗಳುಗಟ್ಟಲೆ ಕಾಯಬೇಡಿ. ದುವಾ ಮಾಡಿ, ಅದರ ಜೊತೆಗೆ ವೈದ್ಯರಿಗೂ ತೋರಿಸಿ.

ಕುಶಿಂಗ್ ಅವರು ಕೂಡಿಸಿದ್ದ ರೋಗಿಗಳ ದಾಖಲೆ ಮತ್ತು ಮೆದುಳಿನ ಮಾದರಿಗಳು ಬಹುಕಾಲ ಯೇಲ್‌ನ ಒಂದು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. 2010ರಲ್ಲಿ ಅವುಗಳನ್ನು ಸರಿಪಡಿಸಿ ಪ್ರದರ್ಶನಕ್ಕೆ ಇಟ್ಟರು. ಒಂದೊಂದು ಗಾಜಿನ ಜಾಡಿಯ ಹಿಂದೆಯೂ ಒಂದು ಹೆಸರು, ಒಂದು ಮನೆ ಇದೆ. ಅವರಲ್ಲಿ ಬದುಕಿದವರೂ ಇದ್ದಾರೆ, ಬದುಕದವರೂ ಇದ್ದಾರೆ. ಎಲ್ಲರನ್ನೂ ಬರೆದಿಟ್ಟದ್ದರಿಂದಲೇ ಮುಂದಿನವರು ಕಲಿಯುವಂತಾಯಿತು.

ನಾವೆಲ್ಲರೂ ವೈದ್ಯರಾಗುವುದಿಲ್ಲ. ಪ್ರಯೋಗಾಲಯದ ವರದಿ ಬರೆಯುವಾಗ ಬಾರದ ಉತ್ತರವನ್ನು ಬಂದಂತೆ ತಿದ್ದಿ ಬರೆಯುವ ಮೊದಲು ಮಾತ್ರ ಒಮ್ಮೆ ಆ 1893ರ ವಿದ್ಯಾರ್ಥಿಯನ್ನು ನೆನೆಯೋಣ. ತಪ್ಪು ಅವನ ಕೈಯಿಂದಲೂ ಆಗಿತ್ತು. ಅವನು ಅದನ್ನು ಮುಚ್ಚಿಡಲಿಲ್ಲ. ಮರುದಿನದಿಂದ ಎಣಿಸಲು ಕಲಿತ.